ಬೆಚ್ಚಗಾದ ಸೀಸೆ

ತರಗತಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ವೈದ್ಯಕೀಯ ಓದಿನ ನಡುವೆ ಮದುವೆಯಾಗಿ, ಗಂಡ ಹಾಸಿಗೆ ಹಿಡಿದಾಗ ಓದು ಬಿಟ್ಟು, ಅವನು ಹೋದ ಮೇಲೆ ಮತ್ತೆ ಬಂದು ಕಿರಿಯರ ಬೆಂಚಿನಲ್ಲಿ ಕೂತವಳು. ಕರೆದರೆ ಓಗೊಡುತ್ತಿದ್ದಳು, ಕೇಳಿದರೆ ಉತ್ತರ ಹೇಳುತ್ತಿದ್ದಳು, ಊಟದ ಹೊತ್ತಿಗೆ ಊಟ ಮಾಡುತ್ತಿದ್ದಳು. ಅದಕ್ಕಿಂತ ಹೆಚ್ಚಿನದನ್ನು ಅವಳಿಂದ ಯಾರೂ ಬಯಸಿರಲಿಲ್ಲ, ಅವಳೂ ಬಯಸಿರಲಿಲ್ಲ.

ಆ ವಾರ ಲಸಿಕೆ ಕೋಣೆಯಲ್ಲಿ ಅವಳಿಗೂ ಮೈಕಿಗೂ ಜೊತೆಯಲ್ಲಿ ಕೆಲಸ ಬಿದ್ದಿತ್ತು. ಮೈಕು ಎಂದರೆ ಸಹಪಾಠಿಯೊಬ್ಬ. ಗುಟ್ಟು ಹೇಳಿದರೂ ಮೂರನೇ ಕೋಣೆಗೆ ಕೇಳಿಸುವಂಥ ಗಂಟಲು ಅವನದು. ಇಬ್ಬರಿಗೂ ಕಲಿಸುತ್ತಿದ್ದವರು ಮಕ್ಕಳ ಡಾಕ್ಟರು. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು.

ಮಧ್ಯಾಹ್ನದ ಗದ್ದಲ ಮುಗಿದು ಮೈಕು ಮೇಜು ಒರೆಸುತ್ತಿದ್ದಾಗ ಒಬ್ಬ ಬಸ್ ಕಂಡಕ್ಟರಮ್ಮ ಒಳಗೆ ನುಗ್ಗಿದಳು. ಮೈಮೇಲೆ ಸಮವಸ್ತ್ರ, ಒಂದು ಹೆಗಲಲ್ಲಿ ಚರ್ಮದ ಚೀಲ, ಸೊಂಟದ ಮೇಲೆ ಒಂದೂವರೆ ವರ್ಷದ ಹೆಣ್ಣುಮಗು.

“ಬಾಗಿಲು ಹಾಕ್ಬಿಡ್ಬೇಡಿ! ನನ್ನ ಅರ್ಧ ಟಿಕೆಟ್ಟಿಗೆ ಚುಚ್ಚಿಸೋದಿದೆ.”

ಮೇಡಂ ಕಾರ್ಡು ತಿರುವಿ ನೋಡಿದರು. ಮೊದಲ ಕೆಲವು ಲಸಿಕೆಗಳು ಹೊತ್ತಿಗೆ ಸರಿಯಾಗಿ ಬಿದ್ದಿದ್ದವು. ಆಮೇಲೆ ಏನೂ ಇರಲಿಲ್ಲ.

“ಯಾಕಮ್ಮ, ಇಷ್ಟು ದಿನ?”

“ನೀವು ಚುಚ್ಚೋ ದಿನಾನೇ ನಂಗೆ ಡ್ಯೂಟಿ ಬೀಳುತ್ತೆ ಮೇಡಂ. ನಮ್ಮತ್ತೇನ ಕಳಿಸಿದ್ರೆ ಇದು ಅಳೋದಕ್ಕೆ ಮುಂಚೆ ಅವ್ರೇ ಅತ್ಕೊಂಡು ವಾಪಸ್ ಬರ್ತಾರೆ. ಮುಂದಿನ ಸಲ, ಮುಂದಿನ ಸಲ ಅಂತ ಹೀಗಾಗೋಯ್ತು.” ಅವಳು ಮಗುವನ್ನು ಎದೆಗವಚಿಕೊಂಡು ದನಿ ತಗ್ಗಿಸಿದಳು. “ಈಗ ಎಲ್ಲಾನೂ ಮೊದಲಿಂದ ಚುಚ್ತೀರಾ?”

ಮೇಡಂ ವಿದ್ಯಾರ್ಥಿಗಳತ್ತ ತಿರುಗಿದರು. “ಏನಪ್ಪಾ, ಹೇಳು.”

“ಇಷ್ಟು ದೊಡ್ಡ ಗ್ಯಾಪ್ ಆಗಿದೆ ಮೇಡಂ. ಮೊದಲಿಂದಾನೇ ಶುರು ಮಾಡ್ಬೇಕು,” ಎಂದ ಮೈಕು. ಮಗು ಬೆಚ್ಚಿಬಿದ್ದಿತು.

“ನೀನು ಹೋದ ವರ್ಷ ಫೇಲಾದಾಗ ಒಂದನೇ ಕ್ಲಾಸಿಗೆ ಸೇರಿಸಿದ್ರಾ?”

“ಇಲ್ಲ ಮೇಡಂ.”

“ಮತ್ತೆ? ಕೊಟ್ಟಿದ್ದನ್ನ ದೇಹ ಮರೆಯಲ್ಲ. ಎಷ್ಟೇ ತಡವಾದ್ರೂ ಬಿಟ್ಟಲ್ಲಿಂದ ಮುಂದುವರಿಸೋದು. ಬಾಕಿ ಇರೋದ್ರಲ್ಲಿ ಇವತ್ತು ಎಷ್ಟು ಕೊಡೋಕಾಗುತ್ತೋ ಅಷ್ಟನ್ನೂ ಇವತ್ತೇ ಕೊಡೋದು. ಯಾಕೆ ಅಂದ್ರೆ ಈ ಅಮ್ಮ ಮತ್ತೆ ಯಾವಾಗ ಬರ್ತಾರೋ ಅವರಿಗೇ ಗೊತ್ತಿಲ್ಲ.”

ಕಂಡಕ್ಟರಮ್ಮ ನಕ್ಕಳು. ಒಳಗೆ ಬಂದ ಮೇಲೆ ಮೊದಲ ಸಲ ಚೀಲ ಕೆಳಗಿಟ್ಟಳು.

ತೊಡೆಯ ಲಸಿಕೆಯನ್ನು ಮೇಡಂ ತಾವೇ ಕೊಟ್ಟರು. ಮಗು ಸೂರು ಹಾರಿಹೋಗುವಂತೆ ಕಿರುಚಿತು. ಇನ್ನು ಉಳಿದದ್ದು ದಡಾರದ್ದು. ಅದು ಪುಡಿಯ ರೂಪದಲ್ಲಿರುತ್ತದೆ. ಅದರ ಜೊತೆಗೇ ಬರುವ ದ್ರವ ಬೆರೆಸಿ ಹದ ಮಾಡಿಕೊಳ್ಳಬೇಕು. ಪುಡಿಯೂ ತಣ್ಣಗಿರಬೇಕು, ದ್ರವವೂ ತಣ್ಣಗಿರಬೇಕು, ಬೆರೆಸಿದ ಮೇಲಂತೂ ಸೀಸೆ ಮಂಜಿನ ಪೆಟ್ಟಿಗೆ ಬಿಟ್ಟು ಕದಲಬಾರದು. ಅಕ್ಕ ದ್ರವವನ್ನು ಸಿರಿಂಜಿನಲ್ಲಿ ಎಳೆದು ಪುಡಿಯ ಸೀಸೆಯೊಳಗೆ ಬಿಟ್ಟಳು. ಕುಲುಕದೆ, ಮೆಲ್ಲಗೆ ತಿರುವಿದಳು. ಪುಡಿ ಕರಗಿ ತಿಳಿಯಾಯಿತು.

“ಒಂದ್ನಿಮಿಷ ಹಾಲು ಕುಡಿಸ್ತೀನಿ. ಹಿಂಗೇ ಅತ್ರೆ ವಾಂತಿ ಮಾಡ್ಕೊಳುತ್ತೆ,” ಎಂದು ತಾಯಿ ಪರದೆಯ ಹಿಂದೆ ಹೋದಳು. ಅದೇ ಹೊತ್ತಿಗೆ ವಾರ್ಡಿನಿಂದ ಮೇಡಂಗೆ ಕರೆ ಬಂತು. ಮೈಕು ಮಗುವಿಗೆ ಆಟಿಕೆ ಹುಡುಕಲು ಹೊರಗೆ ಹೋದ.

ಪರದೆಯ ಹಿಂದೆ ಮಗು ಬಿಕ್ಕುತ್ತಲೇ ಇತ್ತು. ಅಕ್ಕನ ಕೈಯಲ್ಲಿದ್ದ ಸೀಸೆ ಮಂಜಿನಂತೆ ಕೊರೆಯುತ್ತಿತ್ತು. ಇಷ್ಟು ತಣ್ಣಗಿನದು ಆ ಇಷ್ಟೇ ಇಷ್ಟು ತೋಳಿನೊಳಕ್ಕೆ ಹೋಗಬೇಕು.

ಅವಳ ಗಂಡನಿಗೆ ಡ್ರಿಪ್ ಹಾಕಿದಾಗಲೆಲ್ಲ ತೋಳು ಚಳಿಗಟ್ಟುತ್ತಿತ್ತು. “ಒಳಗೆ ನದಿ ಹರಿದ ಹಾಗಿದೆ ಕಣೇ,” ಎನ್ನುತ್ತಿದ್ದ. ಅವಳು ನಳಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದಳು. ಅದರಿಂದ ಎಷ್ಟು ಬಿಸಿಯೇರುತ್ತಿತ್ತೋ ಏನೋ, “ಈಗ ಪರವಾಗಿಲ್ಲ” ಎಂದು ಅವನು ಕಣ್ಣು ಮುಚ್ಚುತ್ತಿದ್ದ.

ಬಾಗಿಲು ತೆರೆಯಿತು. ಮೇಡಂ ಬಂದರು. “ತಯಾರಾ?”

ಅಕ್ಕ ತನ್ನ ಕೈ ನೋಡಿಕೊಂಡಳು. ಸೀಸೆ ಎರಡೂ ಅಂಗೈಗಳ ನಡುವೆ ಇತ್ತು. ಆಗ ತಾನೇ ಕೋಳಿ ಇಟ್ಟ ಮೊಟ್ಟೆಯ ಹಾಗೆ ಬೆಚ್ಚಗಿತ್ತು.

ನೋಡಿದವರು ಯಾರೂ ಇರಲಿಲ್ಲ. ಮದ್ದಿನ ಬಣ್ಣ ಬದಲಾಗಿರಲಿಲ್ಲ. ಸೂಜಿ ಚುಚ್ಚಿ ಕಾರ್ಡಿನಲ್ಲಿ ತಾರೀಕು ಬರೆದರೆ ತಾಯಿ ನಿರಾಳವಾಗಿ ಬಸ್ಸು ಹತ್ತುತ್ತಿದ್ದಳು. ಬಹಳ ದಿನಗಳ ನಂತರ ಅಕ್ಕನಿಗೆ ಹೆದರಿಕೆಯಾಗಿತ್ತು.

“ಇದು ಬೇಡ ಮೇಡಂ. ನಾನು ಬೆಚ್ಚಗೆ ಮಾಡಿಬಿಟ್ಟೆ.”

“ಬೆಚ್ಚಗೆ?”

“ಕೈಯಲ್ಲಿ ಹಿಡ್ಕೊಂಡಿದ್ದೆ. ಮಗೂಗೆ ತಣ್ಣಗಾಗುತ್ತೆ ಅಂತ.”

ಮೇಡಂ ಅವಳ ಮುಖ ನೋಡಿದರು. ಸೀಸೆ ಇಸಿದುಕೊಂಡು ಕಸದ ಡಬ್ಬಿಗೆ ಹಾಕಿದರು. “ಜೀವ ಇರೋ ಲಸಿಕೆ ಇದು. ಬಿಸಿ ತಾಗಿದ್ರೆ ನೀರು ಚುಚ್ಚಿದ ಹಾಗೇನೇ.” ಪೆಟ್ಟಿಗೆಯಲ್ಲಿ ಕೈಯಾಡಿಸಿದರು. “ಇದೇ ಕೊನೇದು. ಸ್ಟೋರಿನಿಂದ ತರಿಸ್ಬೇಕು.”

ಆಗಷ್ಟೇ ಒಳಗೆ ಬಂದ ಮೈಕನನ್ನು ಬಂದ ಕಾಲಿನಲ್ಲೇ ಸ್ಟೋರಿಗೆ ಓಡಿಸಿದರು. ಕಂಡಕ್ಟರಮ್ಮ ಪರದೆಯಾಚೆಯಿಂದ ಬಂದವಳು ಚೀಲ ಹೆಗಲಿಗೇರಿಸಿಕೊಂಡಳು. “ಅಯ್ಯೋ, ನನ್ನ ಗಾಡಿ ಹೊರಡುತ್ತೆ. ಒಂದು ಬಿದ್ದಿದೆಯಲ್ಲ, ಇನ್ನೊಂದು ಮುಂದಿನ ಸಲ.”

“ಹೋಗ್ಬೇಡಿ,” ಎಂದಳು ಅಕ್ಕ.

“ಡಾಕ್ಟ್ರಮ್ಮ, ನೀವು ಕೆಡಿಸಿದ್ದಕ್ಕೆ ನಂಗೆ ಮೆಮೋ ಕೊಡಿಸ್ತೀರಾ?”

“ಕೆಡಿಸಿದ್ದು ನಾನೇ. ಬಾಯಿ ಮುಚ್ಕೊಂಡಿದ್ರೆ ಇಷ್ಟು ಹೊತ್ತಿಗೆ ನೀವು ಬಸ್ ಸ್ಟ್ಯಾಂಡಲ್ಲಿ ಇರ್ತಿದ್ರಿ. ಮಗೂಗೆ ಮದ್ದು ಬಿದ್ದಿದೆ ಅಂತ ಧೈರ್ಯವಾಗಿ ಇರ್ತಿದ್ರಿ, ಒಳಗೆ ಏನೂ ಇರ್ತಿರ್ಲಿಲ್ಲ. ಹಾಗಾಗ್ಬಾರ್ದು ಅಂತ ಹೇಳಿದೆ. ಈಗ ನೀವು ಹೊರಟ್ರೆ ನಾನು ಹೇಳಿ ಏನು ಬಂತು?” ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಇಷ್ಟು ದೂರ ಎತ್ಕೊಂಡು ಬಂದಿದೀರಿ. ಇನ್ನು ಸ್ವಲ್ಪ ಹೊತ್ತು. ಕೈ ಮುಗೀತೀನಿ.”

ಮೇಡಂ ಕಾರ್ಡಿನಿಂದ ತಲೆಯೆತ್ತಿದರು. ಅಕ್ಕ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವರು ಕಂಡಿರಲಿಲ್ಲ.

ಕಂಡಕ್ಟರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಹತ್ತೋರು ಇಳಿಯೋರು ಎಲ್ಲಾ ಸೇರಿ ದಿನಕ್ಕೆ ಸಾವಿರ ಜನ ನೋಡ್ತೀನಿ. ತಪ್ಪು ನಂದು ಅಂದೋರು ನೀವೇ ಮೊದಲು.” ಬೆಂಚಿನ ಮೇಲೆ ದೊಪ್ಪನೆ ಕೂತಳು. “ಆದ್ರೆ ಚುಚ್ಚೋದು ನೀವೇ. ಆ ಗಂಟಲಿನ ಹುಡುಗ ಹತ್ರ ಬರಬಾರ್ದು.”

ಮೈಕು ಏದುಸಿರು ಬಿಡುತ್ತ, ಮಂಜಿನ ಡಬ್ಬಿಯನ್ನು ಎದೆಗೊತ್ತಿಕೊಂಡು ಬಂದ. ಈ ಸಲ ಅಕ್ಕ ಬೆರೆಸಿದ ಸೀಸೆಯನ್ನು ಮಂಜಿನ ನಡುವೆಯೇ ಇಟ್ಟು, ಬೇಕಾದಷ್ಟನ್ನು ಮಾತ್ರ ಎಳೆದುಕೊಂಡಳು. ಸೂಜಿ ಒಳಗೆ ಹೋದಾಗ ಮಗು ತುಟಿ ಸೊಟ್ಟ ಮಾಡಿ, ಮೊದಲು ನಂಬಲಾಗದೆ ನೋಡಿ, ಆಮೇಲೆ ಅತ್ತಿತು.

“ಅರ್ಧ ಗಂಟೆ ಇಲ್ಲೇ ಇರ್ಬೇಕು,” ಎಂದರು ಮೇಡಂ.

“ಅದೂ ಉಂಟಾ! ಹಿಡ್ಕೊಳ್ಳಿ ಡಾಕ್ಟ್ರಮ್ಮ, ಫೋನ್ ಮಾಡಿ ಬರ್ತೀನಿ.” ಅಕ್ಕ ಹೂಂ ಅನ್ನುವ ಮೊದಲೇ ಮಗು ಅವಳ ತೋಳಿನಲ್ಲಿತ್ತು. ಜಗಲಿಯಿಂದ ತಾಯಿಯ ದನಿ ಕೇಳಿಸಿತು: “ಡ್ರೈವರಣ್ಣಾ, ಈ ಟ್ರಿಪ್ಪಿಗೆ ಬೇರೆ ಯಾರನ್ನಾದ್ರೂ ಹತ್ತಿಸ್ಕೊಂಡು ಹೋಗು. ಬರುವಾಗ ಆಸ್ಪತ್ರೆ ಗೇಟಲ್ಲಿ ನಿಲ್ಲಿಸು, ಅಲ್ಲೇ ಹತ್ಕೋತೀನಿ. ಬೈಗುಳ ನಂಗಿರ್ಲಿ.”

ಮಗು ಒಂದೆರಡು ಸಲ ತಾಯಿಗಾಗಿ ಬಾಗಿಲ ಕಡೆ ಕೊಸರಿತು. ಆಮೇಲೆ ಸೋತು, ಒದ್ದೆಯಾದ ಮುಖವನ್ನು ಅಕ್ಕನ ಕುತ್ತಿಗೆಗೆ ಒತ್ತಿತು. ಬಿಕ್ಕಳಿಕೆ ದೂರ ದೂರವಾಯಿತು. ಜೊಲ್ಲು ಬಿಳಿ ಕೋಟಿನ ಹೆಗಲಿಗೆ ಇಳಿಯಿತು. ಅಕ್ಕ ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಳು. ಮೈಕು ಏನೋ ಹೇಳಲು ಬಂದವನು ಅವಳನ್ನು ನೋಡಿ ತುದಿಗಾಲಲ್ಲಿ ಹಿಂದಕ್ಕೆ ಹೋದ.

ಕಂಡಕ್ಟರಮ್ಮ ಬಂದು ಎರಡೂ ಕೈ ಚಾಚಿದಳು. “ಕೊಡಿ ಇತ್ತ.”

“ಮಲಗಿದಾಳೆ. ಬಸ್ಸು ಬರೋವರೆಗೂ ಇರ್ಲಿ ಬಿಡಿ.”

“ಭಾರ ಆಗಲ್ವಾ?”

“ಆಗ್ತಿದೆ,” ಎಂದಳು ಅಕ್ಕ, ಜಾರುತ್ತಿದ್ದ ಮಗುವನ್ನು ಇನ್ನಷ್ಟು ಮೇಲಕ್ಕೆತ್ತಿಕೊಳ್ಳುತ್ತ.