ಜೇಬೆಜ್‌ನ ಪಾಚಿ

"ಇಳಿಸ್ರಪ್ಪ ಕೆಳಗೆ," ಎಂದಳು ಡಾರ್ಕಸ್.

ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ನಾಲ್ವರು ನೇಕಾರರು ಬಾಗಿಲಲ್ಲೇ ನಿಂತರು.

"ಅಕ್ಕಾ, ಪಾದ್ರಿಗಳು ಕಾಯ್ತಿದಾರೆ," ಎಂದ ಸೈಲಸ್.

"ಕಾಯ್ಲಿ. ನನ್ನ ಗಂಡನಿಗೇನೂ ಇವತ್ತು ಅವಸರ ಇಲ್ಲ." ಅವರು ಪೆಟ್ಟಿಗೆಯನ್ನು ನೆಲಕ್ಕಿಳಿಸಿದರು.

ಲಂಡನ್ನಿನ ಸಸ್ಯಶಾಸ್ತ್ರಜ್ಞ ಪಾಮ್‌ಫ್ರೆಟ್ ಸಾಹೇಬರು ಟೋಪಿ ಹಿಡಿದು ಮೂಲೆಯಲ್ಲಿದ್ದರು. ಮೂವತ್ತು ವರ್ಷ ಅವಳ ಗಂಡ, ನೇಕಾರ ಜೇಬೆಜ್ ಅವರಿಗೆ ಅಂಚೆಯಲ್ಲಿ ಪಾಚಿ ಕಳಿಸಿದ್ದ. ಅವರು ಹೆಸರು ಗುರುತಿಸಿ ಉತ್ತರ ಬರೆದಿದ್ದರು. ಮುಖ ಕಂಡದ್ದು ಇವತ್ತೇ. ಸತ್ತವನ ಸಂಗ್ರಹವನ್ನು ಲಂಡನ್ನಿಗೆ ಒಯ್ಯಲು ಬಂದಿದ್ದರು.

"ಎಲ್ಲಾ ತಗೊಂಡ್ಹೋಗಿ ಸಾಹೇಬ್ರೆ. ಮೊದಲು ಇದನ್ನ ಬಿಚ್ಚಿ." ಡಾರ್ಕಸ್ ಅಂಗೈಯಗಲದ ಪೊಟ್ಟಣವೊಂದನ್ನು ಚಾಚಿದಳು.

*

ಹನ್ನೊಂದು ವರ್ಷದ ಹಿಂದೆ ಜೇಬೆಜ್ ಅದನ್ನು ಕಲ್ಲುಗಣಿಯ ಒದ್ದೆ ಬಂಡೆಯಿಂದ ಕಿತ್ತು ತಂದಿದ್ದ. "ಡಾರ್ಕಿ, ಇದಕ್ಕಿನ್ನೂ ಯಾರೂ ಹೆಸರಿಟ್ಟಿಲ್ಲ ಕಣೇ!"

ಅರ್ಧವನ್ನು ಲಂಡನ್ನಿಗೆ ಕಳಿಸಿದ. ಉತ್ತರ ಓದಿದವನು ಮತ್ತೆ ಗಣಿಗೆ ಹೋಗಿ ಆ ಬಂಡೆಯನ್ನು ನೋಡಿ ಬಂದ. ಭಾನುವಾರ ಪಬ್ಬಿನಲ್ಲಿ ತಾವು ಕೂಡಿಸಿದ ಪಾಚಿ ಹರಡಿಕೊಂಡು ಕೂರುವ ನೇಕಾರ ಗೆಳೆಯರು "ಬಂದ ನೋಡ್ರೋ ಹೊಸಪಾಚಿ" ಎಂದು ಕಾಡಿಸಿದರು. ಸಾಹೇಬರ ಜೊತೆ ವಾದಿಸಿದರೆ ಅವರ ಪತ್ರಗಳೇ ನಿಂತಾವೆಂದು ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಆ ನೇಕಾರರ ಮನೆಗಳಲ್ಲಿ ಅಂಚೆಯಲ್ಲಿ ಬಂದ ಪತ್ರವೇ ಪಾಚಿ ಕಟ್ಟಿಡುವ ಪೊಟ್ಟಣ. ಉಳಿದರ್ಧವನ್ನು ಅದೇ ಉತ್ತರದಲ್ಲಿ ಮಡಚಿಟ್ಟ.

*

ಸಾಹೇಬರು ಬಿಚ್ಚಿದರು. ತಮ್ಮದೇ ಕೈಬರಹ.

"ಗಟ್ಟಿಯಾಗಿ ಓದಿ. ಎಲ್ರೂ ಕೇಳ್ಲಿ."

"'ಇದು ಗೋಡೆಗೋಡೆಯ ಮೇಲೂ ಬೆಳೆಯುವ ಮಾಮೂಲಿ ಪಾಚಿ. ತಾವು ಮಗ್ಗದ ಕಡೆ...'" ಸಾಹೇಬರ ದನಿ ತಗ್ಗಿತು. "'...ಮಗ್ಗದ ಕಡೆ ಗಮನ ಕೊಡುವುದು ಲೇಸು.'"

ಸೈಲಸ್ ಸುಮ್ಮನೆ ಕೆಮ್ಮಿದ. ಡಾರ್ಕಸ್ ಸಾಸರಿಗೆ ನೀರು ಸುರಿದಳು.

"ಇದ್ರಲ್ಲಿ ಹಾಕಿ. ಒಣಗಿದ್ದನ್ನೇ ನೋಡಿ ಬರೆದುಬಿಟ್ಟಿದಾರೆ ಅಂತಿದ್ದ ಅವನು."

ಕಂದು ಮುದ್ದೆ ನೀರು ಕುಡಿಯಿತು. ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡು ಹಸಿರಾದವು. ಸಾಹೇಬರು ಭೂತಗನ್ನಡಿ ಹಿಡಿದು ಬಾಗಿದರು. ಕಿವಿ ಕೆಂಪಗಾಯಿತು.

"ಇದು... ಇದನ್ನ ನಾನು ನೋಡಿರಲಿಲ್ಲ ಅಮ್ಮಾ."

"ನೋಡ್ಲೇ ಇಲ್ಲ ನೀವು. ಈಗ ಹೇಳಿ. ಹೊಸದೋ, ಅಲ್ವೋ?"

"ಹೊಸದು. ನಿಮ್ಮ ಯಜಮಾನರ ಹೆಸರಿನಲ್ಲೇ ಅಚ್ಚು ಹಾಕಿಸ್ತೀನಿ."

ಸಾವಿನ ಮನೆ ಎಂಬುದನ್ನೂ ಮರೆತು ನೇಕಾರರು ಹೋ ಎಂದು ಕೂಗಿದರು. "ಲೋ ಹೊಸಪಾಚಿ, ಗೆದ್ದೆಯಲ್ಲೋ!" ಎಂದು ಸೈಲಸ್ ಪೆಟ್ಟಿಗೆಯನ್ನು ತಟ್ಟಿದ.

ಡಾರ್ಕಸ್ ಸಾಸರನ್ನು ಪೆಟ್ಟಿಗೆಯ ಮೇಲಿಟ್ಟಳು. "ಈಗ ಎತ್ರಪ್ಪ."

ನಾಲ್ವರೂ ಒಂದು ಹನಿ ಚೆಲ್ಲದಂತೆ ಹೆಜ್ಜೆಯಿಟ್ಟು ಗುಡ್ಡ ಇಳಿದರು. ಪಕ್ಕದಲ್ಲಿ ಲಂಡನ್ನಿನ ಸಾಹೇಬರು, ಕೆಸರಿನಲ್ಲಿ ಬೂಟು ಹೂತರೂ ಕೆಳಗೆ ನೋಡದೆ, ಸಾಸರು ಜಾರಿದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡೇ ನಡೆದರು.