ಅಕ್ಕನ ಎತ್ತರದ ಸೀಟು

ಅಕ್ಕ ಬೃಂದಾ ಜ್ವರದಲ್ಲಿ ತೀರಿಕೊಂಡ ಎಂಟು ತಿಂಗಳಿಗೆ ಅವಳ ಸೈಕಲ್ ನನ್ನದಾಯಿತು. ಗಾವಡಗೆರೆಯ ಚಾಮುಂಡಮ್ಮನವರ ಟೈಲರ್ ಅಂಗಡಿಗೆ ಆಗಷ್ಟೇ ಸೇರಿದ್ದೆ. ಬೆಳಗಿನ ಹೊತ್ತು ನಮ್ಮೂರಿಗೆ ಬಸ್ಸಿಲ್ಲ.

ಅಕ್ಕ ಉದ್ದ, ನಾನು ಗಿಡ್ಡ. ತನ್ನ ಎತ್ತರದ ಗುರುತಿಗೆಂದು ಅವಳು ಸೀಟಿನ ಕಂಬಿಗೆ ನೈಲ್ ಪಾಲಿಶ್‌ನಿಂದ ಕೆಂಪು ಗೆರೆ ಎಳೆದಿದ್ದಳು. ಅಷ್ಟು ಎತ್ತರದಲ್ಲಿ ಕೂತರೆ ನನಗೆ ಪೆಡಲ್ ಎಟುಕದೆ ಸೊಂಟ ಎರಡೂ ಕಡೆ ವಾಲಿ ನೋಯುತ್ತಿತ್ತು.

ಸೈಕಲ್ ಶಾಪಿನ ಚಿಕ್ಕಬಸಪ್ಪ ನನ್ನನ್ನು ಸೀಟಿನ ಮೇಲೆ ಕೂರಿಸಿ, ಗೋಡೆ ಹಿಡಿದುಕೊಳ್ಳಲು ಹೇಳಿದರು. “ಕಾಲಿನ ಇಮ್ಮಡೀನ ಪೆಡ್ಲು ಮೇಲಿಕ್ಕವ್ವ. ಕಾಲು ನೆಟ್ಟಗಾಗ್ಬೇಕು, ಸೊಂಟ ವಾಲ್ಬಾರ್ದು.” ನಾಲ್ಕು ಬೆರಳು ಇಳಿಸಿ ನಟ್ಟು ಬಿಗಿದರು. ಕೆಂಪು ಗೆರೆ ಕೊಳವೆಯೊಳಗೆ ಇಳಿದು ಮರೆಯಾಯಿತು.

ಮರುದಿನ ಬೆಳಿಗ್ಗೆ ಗೆರೆ ಮತ್ತೆ ಹೊರಗಿತ್ತು. ಸೀಟು ಏರಿತ್ತು.

ಮೂರನೇ ಸಲ ಹೋದಾಗ ಚಿಕ್ಕಬಸಪ್ಪ ನಕ್ಕರು. “ಲೂಸಾದ್ರೆ ಸೀಟು ಕೆಳಿಕ್ ಇಳೀತದೆ ಕಣವ್ವ, ಮೇಲಿಕ್ ಅತ್ತಾದಾ? ಯಾರೋ ತಮಾಸೆ ಮಾಡ್ತಾವ್ರೆ ಬುಡು.”

ತಮಾಷೆ ಮಾಡಲು ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ.

ಸೀಟು ಏರಿದ ದಿನಗಳಲ್ಲೆಲ್ಲ ಸೈಕಲ್ ತಳ್ಳಿಕೊಂಡೇ ಹೋಗಿ ತಡವಾಗುತ್ತಿತ್ತು. “ಇನ್ನೊಂದ್ ದಪ ಲೇಟಾದ್ರೆ ಬೇರೆ ಉಡುಗೀನ ನೋಡ್ಕತೀನಿ” ಎಂದು ಚಾಮುಂಡಮ್ಮ ಹೇಳಿದ ಸಂಜೆ, ಅವ್ವನನ್ನು ಕೇಳಿಯೇಬಿಟ್ಟೆ.

ಅವ್ವ ಅಲಸಂದೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ನಾನೇ ಏರುಸ್ದೆ ಕಣೆ. ಅವಳ ಗೆರೆ ಕಾಣ್ದಂಗಾಗಿ ಒಟ್ಟೆ ಉರೀತಿತ್ತು. ಮೊದುಲ್ನೇ ದಿನ ಒಂದೇ ಸಲ.”

“ಆಮೇಲೆ?”

“ಆಮೇಲೆ ನೀನೇ ಏರುಸ್ತಿದ್ದೀಯ ಅನ್ಕಂಡಿದ್ದೆ.”

ಇಬ್ಬರೂ ಪಡಸಾಲೆಯ ಸೈಕಲ್ ಕಡೆ ನೋಡಿದೆವು.

“ಎಡೆ ಇಕ್ಕೋಕ್ ಮುಂಚೆ ಅವಳ ಸಾಮಾನು ಮುಟ್ಟುದ್ದು ತಪ್ಪಾಯ್ತು” ಎಂದಳು ಅವ್ವ.

ನಾಲ್ಕನೇ ದಿನಕ್ಕೆ ಮಾರ್ಲಮಿ ಹಬ್ಬ, ಸತ್ತವರಿಗೆ ಎಡೆ ಇಡುವ ದಿನ. ಅಕ್ಕನ ಫೋಟೊ, ಅವಳ ಚೂಡಿದಾರ, ಅವಳಿಗಿಷ್ಟವಾದ ಕಜ್ಜಾಯ ಎಲ್ಲವನ್ನೂ ಅವ್ವ ಸೈಕಲ್ಲಿನ ಮುಂದೆಯೇ ಇಟ್ಟಳು. ಸೀಟಿನ ಮೇಲೆ ಕೈಯಿಟ್ಟು ಹೇಳಿದಳು: “ಸೀಟ ನಿನ್ ತಂಗೀಗ್ ಬುಡವ್ವ. ನೀನು ಇಂದ್ಗಡೆ ಕ್ಯಾರಿಯರ್ ಮ್ಯಾಲೆ ಕೂತ್ಕೊ.”

ಸತ್ತವರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಇಬ್ಬರೂ ಹೊರಗೆ ನಿಂತೆವು. ಒಳಗೆ ಚೈನು ಟಿಕ್ ಟಿಕ್ ಎಂದಿತು. ಅವ್ವ ನನ್ನ ಮುಂಗೈ ಹಿಡಿದುಕೊಂಡಳು. ಬಾಗಿಲು ತೆರೆದಾಗ ಹಿಂದಿನ ಚಕ್ರ ನಿಧಾನವಾಗಿ ಸುತ್ತುತ್ತಿತ್ತು.

ಆ ಸಂಜೆ ಅವ್ವ ಸೈಕಲ್ ಹಿಡಿದಳು, ನಾನೇ ಸೀಟು ಇಳಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಇಳಿಸಿದಲ್ಲೇ ಇತ್ತು.

ಹಿಮ್ಮಡಿಗೆ ಪೆಡಲ್ ಸರಿಯಾಗಿ ಸಿಕ್ಕಿತು. ಸೊಂಟ ವಾಲಲಿಲ್ಲ. ಆದರೆ ಕೆರೆ ಏರಿ ಹತ್ತುವಾಗ ಕ್ಯಾರಿಯರ್ ಭಾರವಾಯಿತು. ಮೊದಲು ನಾನು ಹಿಂದೆ ಕೂತಿದ್ದಾಗ ಅಕ್ಕ ಇದೇ ಜಾಗದಲ್ಲಿ “ಇಳಿಯೇ ಡುಮ್ಮಿ, ತುಳಿಯಾಕಾಯ್ತಿಲ್ಲ” ಎಂದು ಬೈಯುತ್ತಿದ್ದಳು. ನಾನು ಇಳಿಯುತ್ತಿರಲಿಲ್ಲ.

ತಿರುಗಿ ನೋಡದೆ ತುಳಿದೆ. ಚಾಮುಂಡಮ್ಮ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿದ್ದೆ. ದಾರಿಯುದ್ದಕ್ಕೂ ಒಮ್ಮೆಯೂ ಅಕ್ಕನಿಗೆ ಇಳಿ ಅನ್ನಲಿಲ್ಲ.