ಕೇಳಿದ್ದು ಕಾಕಾನನ್ನು

ಅಫಜಲಪುರದ ಶಾಲೆಯ ಪಡಸಾಲೆಯಲ್ಲಿ ಸಾಹೇಬರು ಕೇಳಿದ ಪ್ರಶ್ನೆಗಳೆಲ್ಲ ಸುಭದ್ರಾಬಾಯಿಯ ಬಗ್ಗೆ. ಕೇಳಿದ್ದು ಮಾತ್ರ ಅವಳ ಕಾಕಾ ಬಸವಂತರಾಯನನ್ನು.

"ಹುಡುಗಿ ಎಲ್ಲಿತನಕ ಓದ್ಯಾಳ?"

"ಏನೋ ನಾಕ್ ಅಕ್ಷರ ಕಲ್ತಾಳ್ರಿ ಸಾಹೇಬ್ರ."

ನಾಲ್ಕು ಅಕ್ಷರವಂತೆ. ಆಳಂದದ ಹೆಣ್ಣುಮಕ್ಕಳ ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಪಾಸಾದವಳು, ಮನೆಯಲ್ಲಿ ಅಪ್ಪ ಬದುಕಿರುವಾಗ ಅವನ ಮಗ್ಗುಲಲ್ಲಿ ಕೂತು ಕನ್ನಡ ಓದಿ ಬರೆದು ಮಾಡಿದವಳು, ಈಗ ಚಾಪೆಯ ತುದಿಯಲ್ಲಿ ತಲೆ ಬಗ್ಗಿಸಿಕೊಂಡು ಇದನ್ನು ಕೇಳಬೇಕಾಯಿತು.

"ಲೆಕ್ಕ ಬರ್ತದೇನು?"

"ಮನಿ ಲೆಕ್ಕ ಬರ್ತದ್ರಿ. ಹೆಣ್ಮಗಳು, ಅಷ್ಟ ಸಾಕಲ್ರಿ."

"ಮಕ್ಕಳನ್ನ ಹಿಡಿದು ಕೂಡಸ್ತಾಳೇನು?"

"ಭಾಳ ಬಡಪಾಯಿ ಅದಾಳ್ರಿ. ಯಾರಿಗೂ ಎದುರಾಡಂಗಿಲ್ಲ. ತಮ್ಮ ಮನಸಿಗೆ ಬಂದದ್ದು ಏನಾರ ಕೊಡ್ರಿ, ನಡೀತದ."

ಆಗ ಸಾಹೇಬರಿಗೆ ಏನನ್ನಿಸಿತೋ, ಚಾಪೆಯ ಕಡೆ ತಿರುಗಿ, "ಹೌದೇನಮ್ಮ?" ಎಂದರು. ಸುಭದ್ರಾಬಾಯಿ ಬಾಯಿ ತೆರೆದಳು. ಮೊದಲ ಮಾತು ಹೊರಡುವುದರೊಳಗೆ ಕಾಕಾ, "ಹೌದ್ರಿ" ಎಂದುಬಿಟ್ಟ.

ಸಾಹೇಬರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. "ರಾಯರ, ಈಕಿಗೆ ದನಿನ ಇಲ್ಲ. ಮಕ್ಕಳಿಗೆ ಏನ್ ಕಲಸ್ತಾಳ?"

ಮುಗಿಯಿತು. ಪ್ರಶ್ನೆ ಒಬ್ಬರಿಗೆ, ಶಿಕ್ಷೆ ಇನ್ನೊಬ್ಬರಿಗೆ. ಇಂಥ ನ್ಯಾಯವನ್ನು ಮಾಡಿ ಮನುಷ್ಯರು ಮಧ್ಯಾಹ್ನ ನೆಮ್ಮದಿಯಿಂದ ಊಟ ಹೇಗೆ ಮಾಡುತ್ತಾರೋ ಏನೋ.

ಅದು ಸಾವಿರದ ಒಂಬೈನೂರ ನಲವತ್ತೆಂಟರ ಕಡೆಯ ತಿಂಗಳುಗಳ ಮಾತು. ನಿಜಾಮರ ಆಡಳಿತ ಮುಗಿದು, ಹಿಂದುಸ್ತಾನದ ಲಷ್ಕರ ಬಂದು, ಹಳೆಯ ಕುರ್ಚಿಗಳ ಮೇಲೆ ಹೊಸಬರು ಕೂತಿದ್ದರು. ಈ ಶ್ರೀಪಾದರಾವ ಸಾಹೇಬರು ಧಾರವಾಡದ ಕಡೆಯಿಂದ ಬಂದವರು. ಶಾಲೆಗಳನ್ನು ನೋಡಿ, ಕನ್ನಡ ಬಲ್ಲವರನ್ನು ಹುಡುಕಿ ಮಾಸ್ತರಿಕೆಗೆ ಹಾಕಿಕೊಳ್ಳುವುದು ಅವರ ಕೆಲಸ. ಹೆಣ್ಣುಮಕ್ಕಳಿಗೆ ಕಲಿಸುವವರು ದೀಪ ಹಚ್ಚಿ ಹುಡುಕಿದರೂ ಸಿಗುತ್ತಿರಲಿಲ್ಲ. ಸಿಕ್ಕ ಒಬ್ಬಳಿಗೆ ದನಿಯಿಲ್ಲ ಎಂದು ಹೇಳಿ ಕಳಿಸಿದ್ದರು.

ಕಡಗಂಚಿಗೆ ಮರಳುವಾಗ ಬಂಡಿಯಲ್ಲಿ ಬಸವಂತರಾಯ ಸಮಾಧಾನದಿಂದ ಎಲೆಅಡಿಕೆ ಹಾಕಿಕೊಂಡ. "ಹೋಗ್ಲಿ ಬಿಡು. ಇನ್ನ ಇಜೇರಿ ಮಾತು ಮುಗಸೂಣು."

ಇಜೇರಿ ಮಾತೆಂದರೆ ಉಡಿಕೆಯ ಮಾತು, ವಿಧವೆಯ ಮರುಮದುವೆ. ಸುಭದ್ರಾಬಾಯಿಯ ಗಂಡ ಜ್ವರ ಬಂದು ತೀರಿಕೊಂಡು ಮೂರು ವರ್ಷವಾಗಿತ್ತು. ಜೇವರ್ಗಿಯ ಆಚೆ ಇಜೇರಿಯಲ್ಲಿ ಹೆಂಡತಿ ಸತ್ತ ಒಬ್ಬ ಜಮೀನುದಾರನಿದ್ದ. ಕಾಕಾನ ಓರಗೆಯವನು, ಅವನ ಹಿರಿಯ ಮಗನಿಗೆ ಆಗಲೇ ಮೀಸೆ ಬಂದಿತ್ತು. ಅವನಿಗೆ ಬೇಕಾದದ್ದು ಹೆಂಡತಿಯಲ್ಲ, ಆಳುಗಳ ಬುತ್ತಿಗೆ ರೊಟ್ಟಿ ಬಡಿಯುವವಳು. ಕೆಲಸ ಸಿಕ್ಕರೆ ಶಾಲೆ, ಸಿಗದಿದ್ದರೆ ಸಂಕ್ರಾಂತಿಯ ನಂತರ ಇಜೇರಿ. ಕಾಕಾ ಮೊದಲೇ ಹೀಗೆ ಹೇಳಿಯೇ ಅಫಜಲಪುರಕ್ಕೆ ಬಂಡಿ ಹೂಡಿದ್ದ.

ಬಸವಂತರಾಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸಿಟ್ಟು ಮಾಡುವುದಾದರೂ ಸುಲಭವಿತ್ತು. ಅಣ್ಣ ಸತ್ತ ಮೇಲೆ ಅತ್ತಿಗೆಯನ್ನೂ ಅವಳ ಮಗಳನ್ನೂ ಹೊಟ್ಟೆಗೆ ಹಾಕಿಕೊಂಡವನು, ರಜಾಕಾರರ ಹಾವಳಿಯಲ್ಲಿ ಎಲ್ಲರನ್ನೂ ಸೋಲಾಪುರಕ್ಕೆ ದಾಟಿಸಿ ಜೀವ ಉಳಿಸಿದವನು. ಸಾಹೇಬರೆಂದರೆ ತಗ್ಗಿ ಬಗ್ಗಿ ನಿಲ್ಲಬೇಕು, ಕೇಳಿದ್ದಕ್ಕೆ ಹೌದ್ರಿ ಅನ್ನಬೇಕು ಎನ್ನುವುದನ್ನು ಅವನು ನಿಜಾಮರ ಕಾಲದಲ್ಲಿ ಕಲಿತಿದ್ದ. ಆಡಳಿತ ಬದಲಾದ ಸುದ್ದಿ ಅವನ ಬೆನ್ನಿಗೆ ಇನ್ನೂ ಮುಟ್ಟಿರಲಿಲ್ಲ.

"ಆಳಂದದ ಶಾಲ್ಯಾಗೂ ಜಾಗಾ ಅದ ಅಂತ ಅಲ್ಲಿಯವ್ರು ಅಂದ್ರಲ್ಲ ಕಾಕಾ," ಎಂದಳು ಸುಭದ್ರಾಬಾಯಿ.

"ಮತ್ತ ಇದ ಸಾಹೇಬ್ರ ಬರ್ತಾರ. ಮತ್ತ ನೀ ಇದ ಸುಭದ್ರಾ. ಏನ್ ಬದಲಾಗ್ತದ?"

ಆ ಮಾತು ಅವಳಿಗೆ ನಾಟಿತು. ಏನಾದರೂ ಬದಲಾಗಬೇಕಿತ್ತು. ಮರುದಿನವೇ ಸಂತೆಯ ನೆವ ಮಾಡಿ ಅವ್ವ ಸುಂದರಬಾಯಿಯನ್ನು ಕರೆದುಕೊಂಡು ಆಳಂದಕ್ಕೆ ಹೋಗಿ, ತನಗೆ ಕಲಿಸಿದ ಉಸ್ತಾನಿ ಮದೀನಾಬಿಯ ಮನೆಯ ಬಾಗಿಲು ತಟ್ಟಿದಳು.

ಆ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಒಂದು ಮನೆಗೆ ಬಾಗಿಲೇ ಇರಲಿಲ್ಲ. ಹೋದ ವರ್ಷ ರಜಾಕಾರರಿಗೆ ಹೆದರಿ ಸುಭದ್ರಾಬಾಯಿಯ ಮನೆಯವರು ಊರು ಬಿಟ್ಟು ಓಡಿದ್ದರು. ಈ ವರ್ಷ ಈ ಓಣಿಯ ಮುಸಲ್ಮಾನರು. ಯಾರದೋ ಪಾಪಕ್ಕೆ ಯಾರೋ ಮನೆ ಬಿಡುವ ಆ ದಿನಗಳ ಮೇಲೆ ಬೆಂಕಿ ಸುರಿಯಲಿ ಎಂದು ಸುಂದರಬಾಯಿ ಸೆರಗಿನೊಳಗೇ ಶಪಿಸಿದಳು. ಒಳಗೆ ಮದೀನಾಬಿ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಶಾಲೆಯ ಹೊತ್ತು ಅದು. ಶಾಲೆ ಇನ್ನೂ ತೆರೆದಿಲ್ಲವಾದ್ದರಿಂದ ಮನೆಯಲ್ಲಿದ್ದಾಳೆ ಎಂದುಕೊಂಡಳು ಸುಭದ್ರಾಬಾಯಿ. ಹೇಳಿಕೊಳ್ಳಲು ತನ್ನ ಸಿಟ್ಟೇ ಹೊಟ್ಟೆ ತುಂಬ ಇತ್ತು, ಬೇರೇನೂ ಕೇಳಲಿಲ್ಲ.

ಮದೀನಾಬಿ ಎಲ್ಲ ಕೇಳಿ ಮೊರ ಕೆಳಗಿಟ್ಟಳು. "ದನಿ ಇಲ್ಲ ಅಂದನಾ? ನಾ ಕಲಿಸಿದ ಹುಡುಗಿಗೆ?"

"ನನ್ನ ಕೇಳ್ಲೇ ಇಲ್ರಿ ಉಸ್ತಾನಿ. ಕಾಕಾನ್ನ ಕೇಳಿದ್ರು."

"ನನ್ನ ಹೆಂಗ ಕೇಳ್ತಿದ್ರು ನೆನಪದ ಏನ್ ಬೇ?" ಮದೀನಾಬಿ ಎದ್ದು ಒಳಗೆ ಹೋಗಿ ಒಂದು ಹಳೆಯ ಚಾದರ ತಂದಳು. ಪಡಸಾಲೆಯ ಬಾಗಿಲಿಗೆ ಅದನ್ನು ಇಳಿಬಿಟ್ಟಳು.

ಸುಭದ್ರಾಬಾಯಿಗೆ ನೆನಪಿತ್ತು. ಶಾಲೆಯ ತನಿಖೆಗೆ ಹೈದರಾಬಾದಿನಿಂದ ಸಾಹೇಬರು ಬಂದರೆ ಬಾಗಿಲಿಗೆ ಪರದೆ ಬೀಳುತ್ತಿತ್ತು. ಸಾಹೇಬರು ಹೊರಗೆ, ಉಸ್ತಾನಿ ಒಳಗೆ. ಅವರು ಹೊರಗಿನಿಂದ ಕೇಳಬೇಕು, ಇವಳು ಒಳಗಿನಿಂದ ಜವಾಬು ಕೊಡಬೇಕು. ನಡುವೆ ಅಪ್ಪನಿಲ್ಲ, ಗಂಡನಿಲ್ಲ, ಕಾಕಾನಿಲ್ಲ. ಪರದೆಯ ಒಳಗೆ ಅವರಿಗೆ ಪ್ರವೇಶವೇ ಇಲ್ಲವಲ್ಲ.

"ಮಾರಿ ಕಾಣಂಗಿಲ್ಲ, ಅದಕ್ಕ ದನಿ ಕಾಣಬೇಕು," ಎಂದಳು ಮದೀನಾಬಿ. "ಹೋಗು, ಒಳಗ ನಿಂದ್ರು. ನಾ ಸಾಹೇಬ. ಹೆಸರೇನು?"

"ಸುಭದ್ರಾಬಾಯಿ ರೀ."

"ಸತ್ತವರನ್ನ ಎಬ್ಬಿಸಬಾರದು ಅಂತ ಮಾಡಿಯೇನ? ಜೋರು. ಏನ್ ಬರ್ತದ ನಿನಗ?"

"ಏನೋ ಸ್ವಲ್ಪ..."

"ತೂ. ಸ್ವಲ್ಪ ಅನ್ನೋದು ಕಾಕಾಗ ಬಿಡು. ಬರೋದನ್ನ ಬರ್ತದ ಅನ್ನು, ಬರದಿದ್ರ ಬರಂಗಿಲ್ಲ ಅನ್ನು. ಎರಡಕ್ಕೂ ಒಂದ ದನಿ ಇರಬೇಕು. ಮತ್ತ, 'ಏನಾರ ಕೊಡ್ರಿ' ಅಂತ ಅಂದಿ ಅಂದ್ರ ನನ್ನ ಮನಿ ಹೊಸ್ತಿಲು ತುಳೀಬ್ಯಾಡ."

ಮಧ್ಯಾಹ್ನ ಇಳಿಯುವವರೆಗೆ ಹೀಗೇ ನಡೆಯಿತು. ಮುಂದಿನ ಸಂತೆಗೂ ನಡೆಯಿತು, ಅದರ ಮುಂದಿನದಕ್ಕೂ. ಸುಂದರಬಾಯಿ ಹೊಸ್ತಿಲ ಮೇಲೆ ಕೂತು ಯಾರಾದರೂ ಬಂದಾರೆಂದು ಓಣಿ ಕಾಯುತ್ತಿದ್ದವಳು, ಕಡೆಕಡೆಗೆ ಓಣಿ ಬಿಟ್ಟು ಮಗಳ ದನಿ ಕೇಳತೊಡಗಿದಳು.

ಸುದ್ದಿ ಬಸವಂತರಾಯನಿಗೆ ತಲುಪದೆ ಇರುತ್ತದೆಯೇ? "ಆ ಮಂದಿ ಮನೀಗೆ ಹೋಗಿದ್ರೇನು? ತಿಂಗಳಗಟ್ಟಲೆ ಸೋಲಾಪುರದಾಗ ಬಿದ್ದದ್ದು ಯಾರ ಸಲುವಾಗಿ, ಮರ್ತ್ರೇನು?"

"ಉಸ್ತಾನಿ ಸಲುವಾಗಿ ಅಲ್ಲ ಕಾಕಾ," ಎಂದಳು ಸುಭದ್ರಾಬಾಯಿ. ದನಿ ನಡುಮನೆಯನ್ನು ದಾಟಿ ದನದ ಕೊಟ್ಟಿಗೆಯವರೆಗೆ ಹೋಯಿತು. ಕಾಕಾ ಅವಳನ್ನು ಹೊಸದಾಗಿ ನೋಡುವವನಂತೆ ನೋಡಿ, ಆಳಂದಕ್ಕೂ ಒಮ್ಮೆ ಬಂಡಿ ಹೂಡಲು ಒಪ್ಪಿದ.

ಆಳಂದದ ದಿನ ಬಂತು. ತಾನು ಓದಿದ್ದ ಅದೇ ಶಾಲೆ, ಅದೇ ಪಡಸಾಲೆ, ಒಳಕೋಣೆಗೆ ಅದೇ ಎರಡು ಪಡಿಯ ಬಾಗಿಲು. ಪರದೆ ಮಾತ್ರ ಇರಲಿಲ್ಲ. ಹೊಸ ಆಡಳಿತದಲ್ಲಿ ಅದೆಲ್ಲ ಬೇಡವೆಂದು ತೆಗೆಸಿದ್ದರು. ಸುಧಾರಣೆ ಎಂದರೆ ಬಟ್ಟೆ ತೆಗೆದರೆ ಆಯಿತು ಎಂದು ತಿಳಿದವರು. ಶ್ರೀಪಾದರಾವ ಸಾಹೇಬರು ಬಸವಂತರಾಯನಿಗೆ ಕುರ್ಚಿ ಹಾಕಿಸಿದರು. ಸುಭದ್ರಾಬಾಯಿಗೆ ಚಾಪೆ.

"ಅಫಜಲಪುರಕ್ಕ ಬಂದಿದ್ರಲ್ಲ ರಾಯರ? ಇರ್ಲಿ, ಬ್ಯಾರೆ ಯಾರೂ ಬಂದಿಲ್ಲ. ಹುಡುಗಿಗೆ ಪಾಠ ಹೇಳಾಕ ಧೈರ್ಯ ಬಂದದ ಏನು ಈಗ?"

"ಏನೋ ಸ್ವಲ್ಪ..." ಎಂದು ಕಾಕಾ ಶುರು ಮಾಡಿದ.

ಸುಭದ್ರಾಬಾಯಿ ಎದ್ದು ನಿಂತಳು.

"ಕುಂದ್ರು ಬೇ," ಎಂದ ಕಾಕಾ ಹಲ್ಲಿನ ಸಂದಿಯಿಂದ.

ಅವಳು ಕೂರಲಿಲ್ಲ. ನೆಟ್ಟಗೆ ನಡೆದು ಒಳಕೋಣೆಗೆ ಹೋಗಿ ಎರಡೂ ಪಡಿ ಮುಚ್ಚಿದಳು. ಚಿಲಕ ಬಿದ್ದ ಸದ್ದಾಯಿತು. ಅಳಲು ಹೋದಳು ಎಂದುಕೊಂಡರು ಸಾಹೇಬರು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ದನಿ ಬಂತು.

"ಈಗ ನನ್ನ ಕೇಳ್ರಿ ಸಾಹೇಬ್ರ."

"ಇದೇನು?" ಎಂದರು ಸಾಹೇಬರು.

ಶಾಲೆಯ ಹಳೆಯ ಜವಾನ ಬುರಾನುದ್ದೀನ ಕಂಬದ ಬಳಿ ನಿಂತಿದ್ದ. "ಇಲ್ಲಿ ಇದ ಪದ್ಧತಿ ಇತ್ರಿ ಹುಜೂರ್. ಒಳಗಿನವ್ರ ಜವಾಬು ಒಳಗಿನವ್ರ ಕೊಡಬೇಕು." ಆಮೇಲೆ ಬಸವಂತರಾಯನ ಕಡೆ ತಿರುಗಿ, ಮರ್ಯಾದೆಯಿಂದಲೇ, "ತಾವು ಮಾತಾಡಂಗಿಲ್ರಿ" ಎಂದ.

ಸಾಹೇಬರಿಗೆ ನಗು ಬಂದಿತ್ತು. ಬಾಗಿಲಿಗೆ ಪ್ರಶ್ನೆ ಕೇಳಿದರು. ಲೆಕ್ಕ ಕೇಳಿದರು, ಬಾಗಿಲು ಉತ್ತರ ಕೊಟ್ಟಿತು. ಕನ್ನಡದ ಪಾಠವೊಂದನ್ನು ಹೇಗೆ ಶುರು ಮಾಡುತ್ತೀ ಎಂದರು, ಶುರು ಮಾಡಿಯೇ ತೋರಿಸಿದಳು. ನಗು ಮೆಲ್ಲಗೆ ಇಳಿದು ಸಾಹೇಬರು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡರು.

"ಮರಾಠಿ ಬರ್ತದೇನು?"

"ಮಾತಾಡಾಕ ಬರ್ತದ್ರಿ. ಬರೆಯಾಕ ಬರಂಗಿಲ್ಲ."

"ಒಬ್ಬ ಹುಡುಗಿ ಶಾಲಿ ಬಿಟ್ಟಳು ಅಂತ ತಿಳಿ. ಏನ್ ಮಾಡ್ತಿ?"

"ಮನೀಗೆ ಹೋಗಿ ಕೇಳ್ತೇನಿ. ಅಪ್ಪನ್ನಲ್ರಿ, ಹುಡುಗೀನ್ನ."

ಬಸವಂತರಾಯ ತನ್ನ ಪಟಕ ಸರಿಮಾಡಿಕೊಂಡ.

"ಪಗಾರ ಸರ್ಕಾರ ಏನ್ ಕೊಟ್ರೂ ನಡೀತದಲ್ಲ?"

"ಇಲ್ರಿ. ಗಂಡಸು ಮಾಸ್ತರ್ಗೆ ಏನ್ ಕೊಡ್ತೀರಿ, ಅದನ್ನ ಕೊಡ್ರಿ."

"ಭೇಷ್. ನಿನಗ ಕಲಿಸಿದವ್ರು ಯಾರು?"

ಕಾಕಾ ಕೆಮ್ಮಿದ. ಆ ಕೆಮ್ಮಿನ ಅರ್ಥ ಒಳಗೆ ನಿಂತವಳಿಗೆ ಚೆನ್ನಾಗಿ ತಿಳಿಯಿತು: ಬೇರೆ ಯಾವುದಾದರೂ ಹೆಸರು ಹೇಳು, ನನ್ನದಾದರೂ ಹೇಳು.

"ಮದೀನಾಬಿಯವ್ರು. ಈ ಶಾಲಿ ಉಸ್ತಾನಿ."

"ಬಾಗಿಲಾ ತಗಿ ತಾಯಿ," ಎಂದರು ಸಾಹೇಬರು ಕಡೆಗೆ. ಅವಳು ಹೊರಗೆ ಬಂದ ಮೇಲೂ ಅವಳ ಮುಖ ನೋಡದೆ ಹೇಳಿದರು: "ಶಾಲಿ ಇನ್ನ ಎಂಟು ದಿನಕ್ಕ ಸುರು ಆಗ್ತದ. ಬಂದು ಸೇರು. ಆಕಿದ ಜಾಗಾ ಇದು. ಹಳೇ ಮಾಸ್ತರ್ ಮಂದೀನ್ನ ತಗೀರಿ ಅಂತ ಮ್ಯಾಲಿಂದ ಬಂದದ, ತಗದೇವಿ. ಹೋದ ತಿಂಗಳನ."

ಶಾಲೆಯ ಹೊತ್ತಿನಲ್ಲಿ ಮೊರ ಹಿಡಿದು ಕೂತ ಉಸ್ತಾನಿಯನ್ನು ಸುಭದ್ರಾಬಾಯಿ ಕಣ್ಣಾರೆ ನೋಡಿದ್ದಳು. ನನ್ನನ್ನು ಯಾರೂ ಕೇಳಲಿಲ್ಲವೆಂದು ಊರೆಲ್ಲ ಉರಿದವಳು, ತಾನಾದರೂ ಒಂದು ಮಾತು ಕೇಳಿದ್ದಳೇ?

ಕಾಕಾ ಸಾಹೇಬರಿಗೆ ಕೈ ಮುಗಿಯುತ್ತಿರುವಾಗಲೇ ಅವಳು ಓಣಿಗೆ ಬಿದ್ದಿದ್ದಳು. ಮದೀನಾಬಿ ಒಲೆಯ ಮುಂದಿದ್ದಳು.

"ನಿಮಗ ಗೊತ್ತಿತ್ತು," ಎಂದಳು ಬಾಗಿಲಲ್ಲೇ ನಿಂತು. "ನಿಮ್ಮ ಗಂಗಾಳದಾಗಿನ ಅನ್ನಕ್ಕ ನನ್ನ ಕೈ ಹಾಕಿಸಿದ್ರಿ."

"ಗೊತ್ತಿತ್ತು."

"ನನಗ ಬ್ಯಾಡ ಈ ನೌಕರಿ. ಹೋಗಿ ಹೇಳಿ ಬರ್ತೇನಿ."

ಮದೀನಾಬಿಗೆ ಆಗ ಬಂದ ಸಿಟ್ಟನ್ನು ಸುಭದ್ರಾಬಾಯಿ ಓದುವ ದಿನಗಳಲ್ಲೂ ನೋಡಿರಲಿಲ್ಲ. "ಹೇಳು. ನೀ ಇಜೇರಿಗೆ ಹೋಗು, ರೊಟ್ಟಿ ಬಡಿ. ನನಗ ಜಾಗಾ ತಿರುಗಿ ಸಿಗ್ತದೇನು? ಯಾವನೋ ಸಾಹೇಬನ ಸೊಸಿ ಬಂದು ಕುಂದರ್ತಾಳ, ನನ್ನ ಹುಡುಗ್ಯಾರಿಗೆ ಸುಮ್ಮನ ಕುಂದ್ರೋದು ಕಲಸ್ತಾಳ." ದನಿ ಒಡೆಯಿತು, ಆದರೂ ತಗ್ಗಲಿಲ್ಲ. "ನೌಕರಿ ಹೋಗಿದ್ದಕ್ಕ ನನಗ ಇಷ್ಟು ಉರಿ ಇಲ್ಲ ಬೇಟಿ. ಜವಾನನ ಕೈಲಿ ಎರಡು ಸಾಲು ಬರೆದು ಕಳಿಸಿದ್ರು. ನೀ ಏನ್ ತಪ್ಪು ಮಾಡಿದಿ, ಹುಡುಗ್ಯಾರಿಗೆ ಏನ್ ಕಲಿಸಿದಿ, ಒಂದು ಮಾತು ಕೇಳ್ಲಿಲ್ಲ. ಪರದೆ ಇದ್ದಾಗ ಕೇಳ್ತಿದ್ರು."

ಸುಭದ್ರಾಬಾಯಿ ಹೊಸ್ತಿಲ ಮೇಲೆ ಕುಸಿದು ಕೂತಳು. ಇಬ್ಬರೂ ಅತ್ತರು, ಬೇರೆ ಬೇರೆ ಕಡೆ ಮುಖ ಮಾಡಿಕೊಂಡು. ಆಮೇಲೆ ಮದೀನಾಬಿ ಒಲೆಯ ಮೇಲಿನ ರೊಟ್ಟಿ ಸೀದದ್ದಕ್ಕೆ ಅವಳನ್ನೇ ಬೈದು, ಉಳಿದದ್ದನ್ನು ಮುರಿದು ಅರ್ಧ ಕೊಟ್ಟಳು.

ಎಂಟು ದಿನಕ್ಕೆ ಶಾಲೆ ಶುರುವಾಯಿತು. ಸುಭದ್ರಾಬಾಯಿ ಅವ್ವನೊಂದಿಗೆ ಆಳಂದದಲ್ಲೇ ಒಂದು ಕೋಣೆ ಹಿಡಿದಳು. ಇಜೇರಿಯವನಿಗೆ ಬೇರೆ ಕಡೆ ರೊಟ್ಟಿ ಬಡಿಯುವವಳು ಸಿಕ್ಕಳು. ಮೊದಲ ದಿನವೇ ಹುಡುಗಿಯರು, "ಉಸ್ತಾನಿ ಹಂಗ ಒದರ್ತಾಳ" ಎಂದು ಕಿಸಕ್ಕೆಂದು ನಕ್ಕರು. ಅವಳಿಗೆ ಸಿಟ್ಟು ಬರಲಿಲ್ಲ.

ಡಿಸೆಂಬರ್ ಮುಗಿಯುವುದರೊಳಗೆ ಶ್ರೀಪಾದರಾವ ಸಾಹೇಬರು ತನಿಖೆಗೆ ಬಂದರು. ಹುಡುಗಿಯರು ಎದ್ದು ನಿಂತರು. ಬುರಾನುದ್ದೀನ ಎರಡು ಕುರ್ಚಿ ಹಾಕಿದ, ಸಾಹೇಬರಿಗೊಂದು, ಸುಭದ್ರಾಬಾಯಿಗೊಂದು. ಸಾಹೇಬರು ಒಂದರಲ್ಲಿ ಕೂತು, "ಹುಡುಗ್ಯಾರು ಏನ್ ಓದ್ತಾರ, ಓದಸ್ರಿ ನೋಡೂಣು" ಎಂದರು.

"ಓದಸ್ತೇನ್ರಿ," ಎಂದಳು ಸುಭದ್ರಾಬಾಯಿ. ಬಾಗಿಲು ತೆರೆದೇ ಇತ್ತು; ಅವಳು ಅದರ ಹಿಂದೆ ಹೋಗಲಿಲ್ಲ, ಸಾಹೇಬರ ಎದುರಿಗೇ ನಿಂತಿದ್ದಳು. "ಅದಕ್ಕೂ ಮೊದಲ ನಂದೊಂದು ಪ್ರಶ್ನೆ ಅದ. ಮದೀನಾಬಿಯವ್ರದು ಏನ್ ತಪ್ಪು? ಅವ್ರನ್ನ ಕರಸಿ ಯಾರು ಕೇಳಿದ್ರಿ? ಈ ಶಾಲಿಯೊಳಗ ಉರ್ದು ಓದೋ ಹುಡುಗ್ಯಾರು ಇನ್ನೂ ಅದಾರ. ಇಬ್ಬರು ಬೇಕು ನಾವು ಇಲ್ಲಿ. ಜವಾಬು ಕೊಡ್ರಿ, ನಾ ಕೇಳಾಕತ್ತೇನಿ."

ದನಿ ಪಡಸಾಲೆ ದಾಟಿ ಓಣಿಗೆ ಹೋಯಿತು. ಸಾಹೇಬರು ರೂಢಿ ಬಲದಿಂದ, ಈ ಹುಡುಗಿಗೆ ಬುದ್ಧಿ ಹೇಳುವ ಕಾಕಾನನ್ನು ಹುಡುಕುತ್ತ ಪಕ್ಕದ ಕುರ್ಚಿಯ ಕಡೆ ತಿರುಗಿದರು. ಅದರಲ್ಲಿ ಯಾರೂ ಇರಲಿಲ್ಲ.